ಮನೆಯ ಮಾತಿಗೆ ಬೆಲೆ ಕಟ್ಟುವಾಗ

ಬ್ಲಾಗ್ ಬರಹದಿಂದ ಹಣ ಬರುವ ದಾರಿಗಳು ಮುಖ್ಯವಾಗಿ ಎರಡು: ಪುಟದಲ್ಲಿ ಮೂಡುವ ಜಾಹೀರಾತು, ಕಂಪನಿಗಳು ಹಣ ಕೊಟ್ಟು ಬರೆಸುವ ಲೇಖನ. ಗೂಗಲ್‌ನ ಆಡ್‌ಸೆನ್ಸ್ ಇಲ್ಲಿ ಅಮೆರಿಕದಲ್ಲಿ ಗಳಿಕೆ 100 ಡಾಲರ್ ಮುಟ್ಟುವವರೆಗೆ ಹಣ ಕಳಿಸುವುದಿಲ್ಲ. ನನಗೆ ಅದಕ್ಕೆ ಎರಡು ವರ್ಷ ಹಿಡಿಯಿತು. ವರ್ಷದ ನಿವ್ವಳ ಗಳಿಕೆ 400 ಡಾಲರ್ ತಲುಪಿದರೆ ಸ್ವಉದ್ಯೋಗ ತೆರಿಗೆಯ ಲೆಕ್ಕ ಕೊಡಬೇಕು. ವೀಸಾದ ಮೇಲಿರುವವರು ಮೊದಲು ವಕೀಲರನ್ನು ಕೇಳುವುದು ಲೇಸು.

ನನ್ನನ್ನು ತಡೆದು ನಿಲ್ಲಿಸಿದ ಪ್ರಶ್ನೆ ಬೇರೆಯದು. ರೋಗಿಯ ಗುರುತು ಬಿಟ್ಟುಕೊಡದಂತೆ ವೈದ್ಯನಾದ ನನ್ನನ್ನು 1996ರ ಹಿಪಾ ಕಾಯಿದೆ ಕಟ್ಟಿಹಾಕಿದೆ. ಮಗಳ ಜ್ವರ, ಹಟ, ಶಾಲೆಯಲ್ಲಿನ ಸೋಲುಗಳನ್ನು ಬರೆಯಲು ಅಂಥ ತಡೆಯೇನೂ ಇರಲಿಲ್ಲ. ಜನ ಹೆಚ್ಚಾಗಿ ಓದಿದ್ದೂ ಅವನ್ನೇ. ಗಳಿಕೆಯ ವಿಡಿಯೊಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ 16 ವರ್ಷದೊಳಗಿನ ಮಕ್ಕಳಿಗಾಗಿ ಹೆತ್ತವರು ಹಣದ ಒಂದು ಪಾಲನ್ನು ತೆಗೆದಿಡಬೇಕೆಂಬ ಕಾನೂನು ಇಲಿನಾಯ್ ರಾಜ್ಯದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂತು. ಬರಹಕ್ಕೆ ಅದು ಅನ್ವಯಿಸದು.

ಒಂದು ಸಂಜೆ ಊಟಕ್ಕೆ ಕುಳಿತಾಗ ಹದಿನಾಲ್ಕರ ಮಗಳು, “ಅಪ್ಪ, ನಾನು ನಿನ್ನ ಪೇಷೆಂಟ್ ಆಗಿದ್ದಿದ್ರೆ ಚೆನ್ನಾಗಿರ್ತಿತ್ತು” ಎಂದಳು. ಅಂದು ರಾತ್ರಿಯೇ ಹನ್ನೊಂದು ಲೇಖನಗಳನ್ನು ಅಳಿಸಿದೆ. ಜಾಹೀರಾತಿನ ಹಣ ಅರ್ಧಕ್ಕಿಳಿಯಿತು. ಈಗ ಅವಳ ಕುರಿತು ಬರೆದುದನ್ನು ಮೊದಲು ಅವಳೇ ಓದುತ್ತಾಳೆ. ಕಳೆದ ತಿಂಗಳು ಎರಡನ್ನು ಬೇಡವೆಂದು ಹಿಂದಿರುಗಿಸಿದಳು.