ಮಳೆಗೊಂದು ವಾಹನ, ವರ್ಷಕ್ಕೊಂದು ಪ್ರಾಣಿ

ಯುಗಾದಿಯ ದಿನ ಹೊತ್ತು ಇಳಿಯುವಷ್ಟರಲ್ಲಿ ನಾರಾಯಣಪೇಟೆ, ಮಕ್ತಲ್ ಕಡೆಯ ಊರುಗಳಲ್ಲಿ ಗುಡಿಯ ಕಟ್ಟೆ ತುಂಬುತ್ತದೆ. ಮಧ್ಯಾಹ್ನದ ಹೋಳಿಗೆ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಹೊಸ ಅಂಗಿಯ ಮಡಿಕೆ ಇನ್ನೂ ಮುರಿಯದ ಗಂಡಸರು ಬಂದು ಕೂರುತ್ತಾರೆ. ದೇವರ ಮುಂದಿಟ್ಟು ಪೂಜಿಸಿದ ಹೊಸ ಪಂಚಾಂಗದ ರಟ್ಟಿಗೆ ಅರಿಸಿನ, ಕುಂಕುಮ ಮೆತ್ತಿರುತ್ತದೆ. ಕೆಲವು ಊರಲ್ಲಿ ಆಚಾರ್ಯರು, ಕೆಲವು ಊರಲ್ಲಿ ಅಯ್ಯನವರು ಅದನ್ನು ಬಿಚ್ಚಿ ಸಂವತ್ಸರದ ಹೆಸರು, ರಾಜ, ಮಂತ್ರಿ ಎಂದು ಒಂದೊಂದಾಗಿ ಓದುತ್ತಾರೆ. ಒಕ್ಕಲಿಗರ ತಾಳ್ಮೆ ಅಲ್ಲಿಗೆ ಮುಗಿಯುತ್ತದೆ. ‘ಅದೆಲ್ಲ ಇರ್ಲಿ ಅಯ್ಯನೋರೆ, ಮಿರಗದ ಮಳಿಗಿ ವಾಹನ ಯಾವ್ದು ಬಂದದ?’

ಪಂಚಾಂಗ ಶ್ರವಣ ಎಂಬ ಈ ಸಂಜೆಯ ಕಾರ್ಯಕ್ರಮಕ್ಕೆ ಟಿಕೇಟಿಲ್ಲ, ಆಹ್ವಾನ ಪತ್ರವಿಲ್ಲ. ತೆಲಂಗಾಣ ಸರಕಾರವೂ ಹೈದರಾಬಾದಿನಲ್ಲಿ ವೇದಿಕೆ ಹಾಕಿಸಿ ಪಂಚಾಂಗ ಓದಿಸುವುದುಂಟು. ಆದರೆ ಕೃಷ್ಣೆಯ ಈ ದಂಡೆಯಲ್ಲಿ, ಕನ್ನಡ, ತೆಲುಗು, ಮರಾಠಿ ಮೂರೂ ಮನೆಮಾತಾಗಿರುವ ಸೀಮೆಯಲ್ಲಿ, ಶ್ರವಣಕ್ಕೆ ಬೇರೆಯೇ ತುರ್ತು ಇದೆ. ಜುರಾಲಾ ಅಣೆಕಟ್ಟಿನ ಕಾಲುವೆ ಮುಟ್ಟದ ಹೊಲಗಳಿಗೆ ಮಳೆಯೇ ಗತಿ.

ಮಳೆಯ ವಾಹನದ ಲೆಕ್ಕ ಹೀಗಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಜೂನ್ ಮೊದಲ ವಾರ ದಾಟುತ್ತಲೇ ಮೃಗಶಿರಾ, ಅಂದರೆ ರೈತರ ಮಿರಗ. ಜೂನ್ 21–22ರ ಸುಮಾರಿಗೆ ಆರಿದ್ರ. ಸೂರ್ಯ ಮಳೆನಕ್ಷತ್ರವನ್ನು ಹೊಗುವ ಗಳಿಗೆಯಲ್ಲಿ ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ ಎಂದು ನೋಡಿ, ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸುತ್ತಾರೆ. ಉಳಿದ ಶೇಷವೇ ವಾಹನವನ್ನು ಹೇಳುತ್ತದೆ. ಕುದುರೆ, ನರಿ, ಕಪ್ಪೆ, ಟಗರು, ನವಿಲು, ಇಲಿ, ಕೋಣ, ಕತ್ತೆ, ಆನೆ ಎಂದು ಒಟ್ಟು ಒಂಬತ್ತು. ಕಪ್ಪೆ, ಕೋಣ, ಆನೆ ಬಂದರೆ ಕೆರೆ ತುಂಬುವ ಮಳೆಯೆಂದು ನಂಬಿಕೆ. ಕುದುರೆ ಬಂದರೆ ಮಳೆ ಗುಡ್ಡದ ಮೇಲೆ ಸುರಿದು ಓಡುತ್ತದಂತೆ. ನರಿ, ಟಗರು ಬಂದರೆ ಕಟ್ಟೆಯ ಮೇಲೆ ಕೂತವರ ಮುಖ ಸಪ್ಪಗಾಗುತ್ತದೆ. ಉತ್ತರ ಕರ್ನಾಟಕದಿಂದ ಮಹಾರಾಷ್ಟ್ರದವರೆಗಿನ ಪಂಚಾಂಗಗಳಲ್ಲಿ ಈ ಪಟ್ಟಿ ತಪ್ಪದೆ ಅಚ್ಚಾಗುತ್ತದೆ.

ಇಲ್ಲಿ ಮಳೆಗೆ ಪ್ರಾಣಿ ಸಿಕ್ಕಿತು. ಚೀನಾದಲ್ಲಿ ವರ್ಷಕ್ಕೇ ಸಿಕ್ಕಿದೆ. ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಕುರಿ, ಕೋತಿ, ಹುಂಜ, ನಾಯಿ, ಹಂದಿ ಎಂದು ಹನ್ನೆರಡು. ಸ್ವರ್ಗದ ದೊರೆ ಓಟದ ಪಂದ್ಯ ಇಟ್ಟ, ಎತ್ತಿನ ಬೆನ್ನೇರಿ ಹೊಳೆ ದಾಟಿದ ಇಲಿ ಕೊನೆಯ ಗಳಿಗೆಯಲ್ಲಿ ಮುಂದಕ್ಕೆ ಹಾರಿ ಮೊದಲನೆಯದಾಯಿತು ಎಂಬುದು ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಕತೆ. 2025ರ ಜನವರಿ 29ಕ್ಕೆ ಹಾವಿನ ವರ್ಷ ಹುಟ್ಟಿತು, 2026ರ ಫೆಬ್ರುವರಿ 17ಕ್ಕೆ ಕುದುರೆಯದು. ಇಲಿ, ಕುದುರೆ, ಕುರಿ ಎರಡೂ ಪಟ್ಟಿಗಳಲ್ಲಿವೆ.

ಪ್ರಾಣಿಗಳಿಗಿಂತ ಆಳದಲ್ಲಿರುವ ನಂಟು ಗುರುಗ್ರಹದ್ದು. ಗುರು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 11.86 ವರ್ಷ ಬೇಕು. ಹನ್ನೆರಡಕ್ಕೆ ಸ್ವಲ್ಪವೇ ಕಡಿಮೆ. ಪ್ರಾಚೀನ ಚೀನಾದ ಜ್ಯೋತಿಷಿಗಳು ಗುರುವಿನ ದಾರಿಯನ್ನು ಹನ್ನೆರಡು ಪಾಲು ಮಾಡಿ ವರ್ಷ ಎಣಿಸಿದರು. ಗುರುವಿಗೆ ಎದುರು ದಿಕ್ಕಿನಲ್ಲಿ ಚಲಿಸುವ ‘ತಾಯ್ ಸುಯ್’ ಎಂಬ ಕಾಲ್ಪನಿಕ ಗ್ರಹವನ್ನೂ ಇಟ್ಟುಕೊಂಡರು. ತಮ್ಮ ಪ್ರಾಣಿಯ ವರ್ಷ ಮರಳಿದಾಗ ತಾಯ್ ಸುಯ್‌ನ ಮುನಿಸು ತಟ್ಟುತ್ತದೆಂದು ಇಂದಿಗೂ ಚೀನೀಯರು ಕೆಂಪು ನಡುಪಟ್ಟಿ, ಕೆಂಪು ಒಳಉಡುಪು ತೊಡುತ್ತಾರೆ. ಹನ್ನೆರಡು, ಇಪ್ಪತ್ನಾಲ್ಕು, ಮೂವತ್ತಾರು ಅವರಿಗೆ ಜೋಪಾನದ ವಯಸ್ಸು.

ನಾರಾಯಣಪೇಟೆಯ ತಾಯಂದಿರಿಗೆ ಅದೇ ಗ್ರಹ ಬೇರೆ ಕೆಲಸಕ್ಕೆ ಬೇಕು. ‘ಹುಡುಗಿಗಿ ಗುರುಬಲ ಬಂದದೇನ್ರಿ?’ ಜನ್ಮರಾಶಿಯಿಂದ ಎರಡು, ಐದು, ಏಳು, ಒಂಬತ್ತು, ಹನ್ನೊಂದನೆಯ ಮನೆಯಲ್ಲಿ ಗುರುವಿದ್ದರೆ ವರ ಹುಡುಕಲು ಅಡ್ಡಿಯಿಲ್ಲ. ಕಾಡುವ ಪಾಲು ಇಲ್ಲಿ ಶನಿಗೆ ಹೋಗಿದೆ. ಸಾಡೇಸಾತಿ ಹಿಡಿದವರು ಶನಿವಾರ ಹನುಮಪ್ಪನ ಗುಡಿಗೆ ಎಣ್ಣೆ ಒಯ್ಯುತ್ತಾರೆ. ಮಕ್ತಲಿನ ಪಡಮಟಿ ಆಂಜನೇಯನಿಗೂ, ಗದ್ವಾಲ ಜಿಲ್ಲೆಯ ಬೀಚುಪಲ್ಲಿಯ ಹನುಮನಿಗೂ ಈ ಸೀಮೆಯಲ್ಲಿ ದೊಡ್ಡ ನಡೆ ಇದೆ.

ಗುರುವಿನ ಹನ್ನೆರಡು ವರ್ಷದ ಸುತ್ತನ್ನು ಇಲ್ಲಿಯ ಜನ ನೀರಿನಲ್ಲಿಳಿದೇ ಕಂಡಿದ್ದಾರೆ. ಗುರು ಕನ್ಯಾರಾಶಿಗೆ ಬಂದಾಗ ಕೃಷ್ಣೆಗೆ ಪುಷ್ಕರ. 2016ರ ಆಗಸ್ಟ್ 12ರಿಂದ ಹನ್ನೆರಡು ದಿನ ಬೀಚುಪಲ್ಲಿ, ಕೃಷ್ಣಾ, ಪಸುಪುಲ ಘಾಟುಗಳಲ್ಲಿ ಮೀಯುವವರ ಸಾಲು ಮುಗಿಯಲಿಲ್ಲ. 2018ರ ಅಕ್ಟೋಬರಿನಲ್ಲಿ ಗುರು ವೃಶ್ಚಿಕಕ್ಕೆ ಬಂದಾಗ ಭೀಮೆಯ ಪುಷ್ಕರ, 2020ರ ನವೆಂಬರಿನಲ್ಲಿ ಮಕರಕ್ಕೆ ಬಂದಾಗ ಆಲಂಪುರದ ಕಡೆ ತುಂಗಭದ್ರೆಯ ಪುಷ್ಕರ. ಕೃಷ್ಣೆಯ ಪುಷ್ಕರ ನಡೆದ 1992, 2004, 2016 ಮೂರೂ ಚೀನೀಯರಿಗೆ ಕೋತಿಯ ವರ್ಷಗಳು. ಹನುಮನ ಗುಡಿಯ ಮುಂದಿನ ಘಾಟಿನಲ್ಲಿ ಮುಳುಗಿ ಎದ್ದವರು ಯಾರೂ ಅದನ್ನು ಕಟ್ಟಿಕೊಂಡು ಬಂದಿರಲಿಲ್ಲ. ಎರಡು ದೇಶಗಳು ಒಂದೇ ಗ್ರಹದ ಮೇಲೆ ಕಣ್ಣಿಟ್ಟು ಎಣಿಸಿದರೆ ಇಂಥ ಹೊಂದಿಕೆ ತಾನಾಗಿ ಬರುತ್ತದೆ.

ಅರವತ್ತರ ಚಕ್ರವೂ ಎರಡೂ ಕಡೆ ಇದೆ. ಚೀನೀಯರು ಹನ್ನೆರಡು ಪ್ರಾಣಿಗಳಿಗೆ ಹತ್ತರ ಇನ್ನೊಂದು ಸರಣಿಯನ್ನು ಹೆಣೆದರು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ಧಾತುಗಳಿಗೆ ಎರಡೆರಡು ವರ್ಷ. ಹೀಗಾಗಿ ಅದೇ ಪ್ರಾಣಿ ಅದೇ ಧಾತುವಿನೊಡನೆ ಮರಳಲು ಅರವತ್ತು ವರ್ಷ ಬೇಕು. ಇಲ್ಲಿ ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು, ಒಂದೊಂದಕ್ಕೂ ಹೆಸರು. ಬಾದಾಮಿ ಚಾಲುಕ್ಯರ ಮಂಗಲೇಶ ಮಹಾಕೂಟದಲ್ಲಿ ನಿಲ್ಲಿಸಿದ, ಏಳನೇ ಶತಮಾನದ ಆರಂಭದ ಕಂಬದ ಶಾಸನದಲ್ಲಿ ಸಿದ್ಧಾರ್ಥ ಸಂವತ್ಸರದ ಹೆಸರಿದೆ. ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು ಸೇರಿದರೆ ಸುಮಾರು ಅರವತ್ತು ವರ್ಷ. ಗುರುವಿನ ಸುತ್ತು ಹನ್ನೆರಡಕ್ಕೆ ಕೊಂಚ ಕಡಿಮೆ ಇರುವುದರಿಂದ ಉತ್ತರದ ಲೆಕ್ಕದಲ್ಲಿ ಎಂಬತ್ತೈದು ವರ್ಷಕ್ಕೊಮ್ಮೆ ಒಂದು ಸಂವತ್ಸರ ಲೋಪವಾಗುತ್ತದೆ. ದಕ್ಷಿಣದವರು ಆ ತೊಡಕನ್ನು ಬಿಟ್ಟು ನೇರ ಎಣಿಕೆ ಹಿಡಿದರು. ಆದ್ದರಿಂದಲೇ ಕಾಶಿಯ ಸಂವತ್ಸರದ ಹೆಸರು ನಮಗೆ ಹೊಂದುವುದಿಲ್ಲ.

ಚೀನೀಯರ ಈಗಿನ ಚಕ್ರ 1984ರಲ್ಲಿ ಶುರುವಾಯಿತು. ನಮ್ಮ ಪ್ರಭವ 1987ರ ಯುಗಾದಿಗೆ. ಮೂರೇ ವರ್ಷದ ಅಂತರ. 2026ರ ಯುಗಾದಿಗೆ ಕಾಲಿಡುವ ಪರಾಭವ ಈ ಹಿಂದೆ ಬಂದಿದ್ದು 1966ರಲ್ಲಿ. ಆ ಸಂವತ್ಸರದಲ್ಲಿ ಹುಟ್ಟಿದವರ ಮನೆಗಳಲ್ಲಿ ಅರವತ್ತರ ಶಾಂತಿಯ ಸಂಭ್ರಮ. ಮಕ್ಕಳು, ಮೊಮ್ಮಕ್ಕಳು ಕೂಡಿ ದಂಪತಿಗೆ ಮತ್ತೊಮ್ಮೆ ತಾಳಿ ಕಟ್ಟಿಸುತ್ತಾರೆ. ಆ ದಿನ ನಾರಾಯಣಪೇಟೆಯ ಚೌಕಳಿ ಸೀರೆಗೋ ಗದ್ವಾಲಿನ ರೇಷ್ಮೆ ಅಂಚಿನ ಹತ್ತಿ ಸೀರೆಗೋ ಬೇಡಿಕೆ. ಚೀನಾದಲ್ಲೂ ಅರವತ್ತು ತುಂಬಿದವರಿಗೆ ಆಯುಷ್ಯದ ಹಬ್ಬ ಮಾಡುತ್ತಾರೆ. ಚಕ್ರ ಒಮ್ಮೆ ಪೂರ್ತಿ ತಿರುಗಿತೆಂಬುದು ಅಲ್ಲೂ ಅದರ ಅರ್ಥ.

1966ಕ್ಕೆ ಇನ್ನೊಂದು ಕತೆ ಅಂಟಿದೆ. ಅದು ‘ಬೆಂಕಿ ಕುದುರೆ’ಯ ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ತರುತ್ತಾಳೆಂಬ ನಂಬಿಕೆ ಜಪಾನಿನಲ್ಲಿ ಗಟ್ಟಿಯಾಗಿತ್ತು. 1965ರಲ್ಲಿ ಆ ದೇಶದಲ್ಲಿ 18.2 ಲಕ್ಷ ಮಕ್ಕಳು ಹುಟ್ಟಿದ್ದವು. ಮರುವರ್ಷ ಅದು 13.6 ಲಕ್ಷಕ್ಕೆ ಇಳಿಯಿತು. 1967ರಲ್ಲಿ ಮತ್ತೆ 19 ಲಕ್ಷ ದಾಟಿತು. ಬುಲೆಟ್ ರೈಲು ಓಡಿಸುತ್ತಿದ್ದ ದೇಶ ಒಂದು ಕುದುರೆಗೆ ಅಂಜಿ ತೊಟ್ಟಿಲು ಖಾಲಿ ಬಿಟ್ಟಿತ್ತು. ನಮ್ಮ ಕಡೆ ಮೂಲಾ ನಕ್ಷತ್ರದ ಹೆಣ್ಣು ಮಾವನಿಗಾಗದು, ಆಶ್ಲೇಷಾದವಳು ಅತ್ತೆಗಾಗದು ಎಂದು ಜಾತಕ ತಿರುಗಿಸಿ ಕಳಿಸಿದ ಮನೆಗಳಿಗೇನೂ ಕಡಿಮೆಯಿಲ್ಲ. ಆಕಾಶದ ಲೆಕ್ಕ ಎಷ್ಟು ಖಚಿತವಿದ್ದರೂ ಅದರ ಮೇಲೆ ಕಟ್ಟಿದ ಭಯದ ಬಿಲ್ಲನ್ನು ಎರಡೂ ಕಡೆ ಹೆಣ್ಣುಮಕ್ಕಳೇ ತೆತ್ತಿದ್ದಾರೆ.

ಗುಡಿಯ ಕಟ್ಟೆಯಲ್ಲಿ ಓದು ಮುಂದುವರಿಯುತ್ತದೆ. ವರ್ಷಕ್ಕೆ ಒಂಬತ್ತು ನಾಯಕರು. ಯುಗಾದಿ ಬಿದ್ದ ವಾರದ ಒಡೆಯ ರಾಜ, ಮೇಷ ಸಂಕ್ರಮಣ ಬಿದ್ದ ವಾರದ ಒಡೆಯ ಮಂತ್ರಿ. ಪರಾಭವದ ಯುಗಾದಿ ಮಾರ್ಚ್ 19ರ ಗುರುವಾರ, ಆದ್ದರಿಂದ ಗುರುವೇ ರಾಜ. ಸಂಕ್ರಮಣ ಏಪ್ರಿಲ್ 14ರ ಮಂಗಳವಾರ, ಮಂತ್ರಿ ಕುಜ. ಸಾತ್ವಿಕ ದೊರೆಗೆ ಸಿಡುಕಿನ ದಿವಾನ ಎಂದು ಓದುವವರು ನಗೆ ಸೇರಿಸುವುದಕ್ಕೆ ಇಲ್ಲಿ ಜಾಗವಿದೆ. ಆಮೇಲೆ ಸೇನಾಧಿಪತಿ, ಸಸ್ಯಾಧಿಪತಿ, ಧಾನ್ಯಾಧಿಪತಿ, ಮೇಘಾಧಿಪತಿ. ಕೊನೆಗೆ ರಾಶಿವಾರು ಆಯ–ವ್ಯಯ, ರಾಜಪೂಜ್ಯ–ಅವಮಾನ. ಆಯ ಎರಡು, ವ್ಯಯ ಹದಿನಾಲ್ಕು ಎಂದು ಬಂದವನನ್ನು ಗೆಳೆಯರು ಸುಮ್ಮನೆ ಬಿಡುವುದಿಲ್ಲ. ಹುಟ್ಟಿದ ಗಳಿಗೆ ಗೊತ್ತಿಲ್ಲದ ಹಿರಿಯರು ಹೆಸರಿನ ಮೊದಲ ಅಕ್ಷರದಿಂದ ರಾಶಿ ಹಿಡಿಯುತ್ತಾರೆ. ಚೀನಾದಲ್ಲಿ ಈ ಪೇಚಿಲ್ಲ, ಹುಟ್ಟಿದ ವರ್ಷ ಗೊತ್ತಿದ್ದರೆ ಪ್ರಾಣಿ ಗೊತ್ತಾಯಿತು. ಹೆಂಗಸರ ವಯಸ್ಸು ಕೇಳಲು ಅಂಜುವವರು ಪ್ರಾಣಿ ಯಾವುದೆಂದು ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಬೆಳಗಿನ ಬೇವಿನ ಮಾತು ಹೇಳದಿದ್ದರೆ ಈ ಸೀಮೆಯ ಯುಗಾದಿ ಅರ್ಧವಾಗುತ್ತದೆ. ಮೈಸೂರು ಕಡೆಯವರಿಗೆ ಬೇವು–ಬೆಲ್ಲ ಅಂಗೈ ಮೇಲಿನ ಚಿಟಿಕೆ. ರಾಯಚೂರು, ಕಲಬುರಗಿಯಂತೆ ಇಲ್ಲಿಯೂ ಬೇವನ್ನು ಕುಡಿಯುತ್ತಾರೆ. ಹೊಸ ಗಡಿಗೆಯಲ್ಲಿ ಹುಣಸೆರಸ, ಬೆಲ್ಲದ ನೀರು, ಹೆಚ್ಚಿದ ಮಾವಿನಕಾಯಿ, ಬೇವಿನ ಹೂ, ಪುಟಾಣಿ ಹಿಟ್ಟು, ಒಣಕೊಬ್ಬರಿ, ದ್ರಾಕ್ಷಿ, ಗೋಡಂಬಿ ಕಲಸಿಟ್ಟರೆ ಗಡಿಗೆಯ ಮಣ್ಣಿನ ವಾಸನೆಯೂ ಅದಕ್ಕೆ ಸೇರುತ್ತದೆ. ಬಂದವರಿಗೆಲ್ಲ ತಂಬಿಗೆ ತುಂಬ. ‘ಬೇವು ಕುಡದ್ರೇನ್ರಿ?’ ಎಂಬುದೇ ಅಂದಿನ ನಮಸ್ಕಾರ. ಚೀನೀಯರು ಸಿಹಿಯನ್ನು ಬೇರೆಯವರ ಬಾಯಿಗೆ ಹಚ್ಚುತ್ತಾರೆ. ಹೊಸ ವರ್ಷಕ್ಕೆ ವಾರದ ಮೊದಲು ಒಲೆಯ ದೇವರು ಸ್ವರ್ಗಕ್ಕೆ ವರದಿ ಒಪ್ಪಿಸಲು ಹೊರಡುತ್ತಾನೆ. ಅವನ ಪಟದ ತುಟಿಗೆ ಜೇನನ್ನೋ ಅಂಟು ಮಿಠಾಯಿಯನ್ನೋ ಬಳಿದರೆ ಮನೆಯವರ ಬಗ್ಗೆ ಸಿಹಿಯಾಗಿ ಮಾತಾಡುತ್ತಾನೆ, ಇಲ್ಲವೇ ಬಾಯಿ ಅಂಟಿ ಸುಮ್ಮನಿರುತ್ತಾನೆ. ಹಬ್ಬಕ್ಕೆ ಮೊದಲು ಮನೆ ಗುಡಿಸಿ ಸಾರಿಸುವುದು ಎರಡೂ ಕಡೆಯ ಪದ್ಧತಿ. ಹಬ್ಬದ ದಿನ ಕಸಬರಿಗೆ ಮುಟ್ಟಿದರೆ ಭಾಗ್ಯವೇ ಹೊರಹೋದೀತೆಂಬ ಅಂಜಿಕೆ ಮಾತ್ರ ಅವರದು.

ಯುಗಾದಿ ಇಲ್ಲಿ ವ್ಯವಹಾರದ ದಿನವೂ ಆಗಿತ್ತು. ಹೊಲದ ಆಳು ಯುಗಾದಿಯಿಂದ ಯುಗಾದಿಗೆ ಗೊತ್ತಾಗುತ್ತಿದ್ದ. ಧಣಿ ಬದಲಾಯಿಸುವುದಿದ್ದರೆ, ಮುಂಗಡ ಕೇಳುವುದಿದ್ದರೆ ಅದೇ ಸಮಯ. ಚೀನಾದಲ್ಲಿ ಹಳೆಯ ಸಾಲ ಹೊಸ ವರ್ಷದೊಳಗೆ ತೀರಬೇಕು, ಅದಕ್ಕೇ ವರ್ಷದ ಕೊನೆಯ ರಾತ್ರಿ ಸಾಲಗಾರರಿಗೆ ತಲೆ ತಪ್ಪಿಸಿಕೊಳ್ಳುವ ರಾತ್ರಿ. ನಾರಾಯಣಪೇಟೆಯ ಪೇಟೆಯಲ್ಲಿ ವರ್ಷ ಒಂದೇ ದಿನ ಹುಟ್ಟುವುದಿಲ್ಲ. ಮರಾಠಿ ಮಾತಾಡುವ ನೇಕಾರರು ಯುಗಾದಿಯ ದಿನವೇ ಗುಡಿ ಏರಿಸಿ ಪಾಡ್ಯ ಮಾಡುತ್ತಾರೆ. ಮಾರವಾಡಿ ಅಂಗಡಿಯ ಹೊಸ ಖಾತೆ ದೀಪಾವಳಿಗೆ, ಮುಸಲ್ಮಾನರ ಹಿಜರಿ ವರ್ಷ ಮೊಹರಮ್ಮಿಗೆ. ನಿಜಾಮರ ಕಾಲದಲ್ಲಿ ಸರಕಾರಿ ಕಾಗದವೆಲ್ಲ ಫಸಲಿ ವರ್ಷದಲ್ಲಿ ನಡೆಯುತ್ತಿತ್ತು. ಹಳೆಯ ಪಹಣಿ ಹಿಡಿದು ಹೊಲದ ತಕರಾರಿಗೆ ಬಂದವರು ಇಂದಿಗೂ ಫಸಲಿಗೆ 590 ಕೂಡಿಸಿ ಇಸವಿ ಕಂಡುಕೊಳ್ಳುತ್ತಾರೆ.

ಪಂಚಾಂಗಗಳಲ್ಲೂ ಒಂದೇ ಮಾತಿಲ್ಲ. ಮಾಧ್ವರ ಮನೆಗಳಲ್ಲಿ ಮಂತ್ರಾಲಯದ ಅಥವಾ ಉತ್ತರಾದಿ ಮಠದ ಪಂಚಾಂಗ, ತೆಲುಗರ ಮನೆಗಳಲ್ಲಿ ತೆಲುಗಿನದು. ಸೂರ್ಯಸಿದ್ಧಾಂತದ ಹಳೆಯ ಲೆಕ್ಕ ಹಿಡಿದವರಿಗೂ ಇಂದಿನ ಖಗೋಳ ಗಣಿತದ ದೃಗ್ಗಣಿತ ಹಿಡಿದವರಿಗೂ ತಿಥಿ ಕೆಲವು ಗಳಿಗೆ ಹಿಂದುಮುಂದಾಗುತ್ತದೆ. ಅದರಿಂದ ಒಂದೇ ಓಣಿಯಲ್ಲಿ ಏಕಾದಶಿ ಎರಡು ದಿನ ಬಿದ್ದದ್ದುಂಟು. ಅಧಿಕಮಾಸದ ವಿಷಯದಲ್ಲಿ ಮಾತ್ರ ತಕರಾರು ಅಪರೂಪ. 2026ರಲ್ಲಿ ಜ್ಯೇಷ್ಠ ಎರಡು ಸಲ ಬರುತ್ತದೆ. ಚೀನೀಯರು ತಮ್ಮ ಹೆಚ್ಚುವರಿ ತಿಂಗಳನ್ನು 2025ರಲ್ಲೇ ಸೇರಿಸಿದ್ದರು. ಚಂದ್ರನ ವರ್ಷವನ್ನು ಸೂರ್ಯನಿಗೆ ಹೊಂದಿಸಲು ಹತ್ತೊಂಬತ್ತು ವರ್ಷದಲ್ಲಿ ಏಳು ತಿಂಗಳು ಕೂಡಿಸಲೇಬೇಕು, ಅದು ಇಬ್ಬರಿಗೂ ಒಂದೇ.

ಮುಂದಿನ ಯುಗಾದಿ ಪ್ಲವಂಗ ಸಂವತ್ಸರದ್ದು, 2027ರ ಏಪ್ರಿಲ್ 7ಕ್ಕೆ. ಅಂದು ಬುಧವಾರ, ಹಾಗಾಗಿ ರಾಜ ಬುಧನೇ ಎಂದು ಪಂಚಾಂಗ ಕೊಳ್ಳದೆಯೂ ಹೇಳಬಹುದು. ಅದರ ಮರುವರ್ಷ, 2028ರಲ್ಲಿ, ಗುರು ಕನ್ಯೆಗೆ ಮರಳುತ್ತಾನೆ. ಚೀನಾದಲ್ಲಿ ಆಗ ಮತ್ತೆ ಕೋತಿಯ ವರ್ಷ. ಮಕ್ತಲ್, ಗದ್ವಾಲ ಕಡೆಯ ಘಾಟುಗಳಲ್ಲಿ ಕೃಷ್ಣಾ ಪುಷ್ಕರದ ಜನ ಸೇರುವುದು ಆಗಲೇ.