ಅರವತ್ತೈದು ದಾಟಿದ ಮೇಲೆ ಅಂಗವಿಕಲರ ಪಗಾರ

ಮೈಂದರ್ಗಿ, ದುಧನಿ, ನಾಗಣಸೂರು, ತೋಳನೂರು, ಜೇವೂರು. ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಈ ಊರುಗಳಲ್ಲಿ ತಿಂಗಳು ತಿರುಗಿತೆಂದರೆ ಕಟ್ಟೆಯ ಮೇಲೆ ಒಂದೇ ವಿಚಾರಣೆ: "ನಿರಾಧಾರ ಬಿತ್ತೇನು?" ಕಾಲು ಸ್ವಾಧೀನವಿಲ್ಲದವರು, ಕಣ್ಣು ಕಾಣದವರು, ಗಂಡನನ್ನು ಕಳೆದುಕೊಂಡವರು, ಮುಪ್ಪಿನವರು ಎಲ್ಲರೂ ಬ್ಯಾಂಕಿಗೆ ಬೀಳುವ ಸರ್ಕಾರದ ಹಣವನ್ನು ನಿರಾಧಾರ ಪಗಾರ ಎಂದೇ ಕರೆಯುತ್ತಾರೆ. ಆಡುಮಾತಿಗೆ ಅಷ್ಟು ಸಾಕು. ಕಡತದಲ್ಲಿ ಮಾತ್ರ ಅದು ಒಂದೇ ಯೋಜನೆಯಲ್ಲ. ವಯಸ್ಸು ಏರಿದಂತೆ ಫಲಾನುಭವಿಯ ಹೆಸರು ಒಂದು ಯೋಜನೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ಜನ ಎಡವುವುದು, ಹಣ ಕಳೆದುಕೊಳ್ಳುವುದು ಈ ವರ್ಗಾವಣೆಯಲ್ಲೇ. ಈ ಅಧ್ಯಾಯ ಅದಕ್ಕೇ ಮೀಸಲು.

ಯೋಜನೆಗಳ ಹೆಸರು, ಚುಟುಕಾಗಿ

ಮಹಾರಾಷ್ಟ್ರದಲ್ಲಿ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ ಶುರುವಾದದ್ದು 1980ರಲ್ಲಿ, ಎ. ಆರ್. ಅಂತುಳೆ ಮುಖ್ಯಮಂತ್ರಿಯಾಗಿದ್ದಾಗ. 65 ವರ್ಷದೊಳಗಿನ ನಿರಾಧಾರರಿಗೆ ಇದು. ಅಂಗವಿಕಲರಾದರೆ ವೈಕಲ್ಯ ಕನಿಷ್ಠ ಶೇ. 40 ಇರಬೇಕು, ರಾಜ್ಯದಲ್ಲಿ 15 ವರ್ಷ ನೆಲೆಸಿರಬೇಕು. ಕುಟುಂಬದ ವಾರ್ಷಿಕ ಆದಾಯದ ಮಿತಿ ಸಾಮಾನ್ಯವಾಗಿ 21,000 ರೂಪಾಯಿ, ಅಂಗವಿಕಲರಿಗೆ 50,000.

65 ತುಂಬಿದವರಿಗೆ ಶ್ರಾವಣಬಾಳ ಸೇವಾ ರಾಜ್ಯ ನಿವೃತ್ತಿವೇತನ ಯೋಜನೆ. ಇದರಲ್ಲಿ ಎರಡು ಗುಂಪು: ಬಡತನ ರೇಖೆಯ ಪಟ್ಟಿಯಲ್ಲಿ ಹೆಸರಿರುವವರು ಒಂದು, ಪಟ್ಟಿಯಲ್ಲಿ ಇಲ್ಲದಿದ್ದರೂ ಆದಾಯ ಮಿತಿಯೊಳಗೆ ಇರುವವರು ಇನ್ನೊಂದು.

ಇವೆರಡೂ ರಾಜ್ಯದವು. ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ 1995ರ ಆಗಸ್ಟ್ 15ರಂದು ವೃದ್ಧಾಪ್ಯ ಪಿಂಚಣಿಯೊಂದಿಗೆ ಆರಂಭವಾಯಿತು. 2009ರ ಫೆಬ್ರುವರಿಯಲ್ಲಿ ಅದಕ್ಕೆ ಅಂಗವಿಕಲರ ಪಿಂಚಣಿ ಸೇರಿತು. ಬಡತನ ರೇಖೆಯ ಕೆಳಗಿರುವ, ಶೇ. 80 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯದವರಿಗೆ ಮಾತ್ರ ಅದು.

"ಬಂದ್ ಆಗ್ಯದ್ರಿ"

ಅರವತ್ತೈದು ದಾಟಿದ ಅಂಗವಿಕಲರು ಹೇಳುವ ಮೊದಲ ಮಾತು ಇದು: "ಸಾಹೇಬ್ರ, ನನ್ನ ಅಪಂಗ ಪಗಾರ ಬಂದ್ ಆಗ್ಯದ್ರಿ." ಬಹಳ ಸಲ ಅದು ಬಂದ್ ಆಗಿರುವುದಿಲ್ಲ. "ಇಲ್ರೀ ಅಜ್ಜಾರ, ಶ್ರಾವಣಬಾಳಕ್ಕ ವರ್ಗ ಆಗ್ಯದ, ಕಾಗದ ಒಂದು ಕಡಿಮಿ ಬಿದ್ದದ" ಎಂಬುದೇ ನಿಜವಾದ ಉತ್ತರ. ಈ ಎರಡು ಮಾತುಗಳ ಅಂತರ ದೊಡ್ಡದು. ಬಂದ್ ಆಯಿತೆಂದು ನಂಬಿದವರು ಮನೆಯಲ್ಲಿ ಸುಮ್ಮನೆ ಕೂರುತ್ತಾರೆ. ವರ್ಗವಾಗಿದೆಯೆಂದು ತಿಳಿದವರು ಯಾವ ಕಾಗದ ಬೇಕೆಂದು ಕೇಳುತ್ತಾರೆ.

ಹೆಸರು ಹೀಗೆ ವರ್ಗವಾಗುವುದೇಕೆ? ಸಂವಿಧಾನದ ರಾಜ್ಯ ಪಟ್ಟಿಯ 9ನೆಯ ನಮೂದು ಅಂಗವಿಕಲರ ಪರಿಹಾರವನ್ನು ರಾಜ್ಯದ ಕೈಗೆ ಕೊಟ್ಟಿದೆ. ಸಾಮಾಜಿಕ ಭದ್ರತೆ ಮಾತ್ರ ಸಮವರ್ತಿ ಪಟ್ಟಿಯಲ್ಲಿದೆ. ಹೀಗಾಗಿ ಒಬ್ಬರ ಕೈಗೆ ಒಟ್ಟಾಗಿ ಸಿಗುವ ಮೊತ್ತದಲ್ಲಿ ಕೇಂದ್ರದ ಪಾಲು, ರಾಜ್ಯದ ಪಾಲು ಎರಡೂ ಇರಬಹುದು. ಪ್ರತಿಯೊಂದಕ್ಕೂ ವಯಸ್ಸಿನ ಗಡಿ ಬೇರೆ.

ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎರಡೂ ಕಾಲು ಹೋಗಿವೆ, ವೈಕಲ್ಯ ಶೇ. 85, ಬಡತನ ರೇಖೆಯ ಪಟ್ಟಿಯಲ್ಲಿ ಹೆಸರಿದೆ. 64ನೆಯ ವಯಸ್ಸಿನಲ್ಲಿ ಅವರ ಪಗಾರದಲ್ಲಿ 300 ರೂಪಾಯಿ ಕೇಂದ್ರದ ಅಂಗವಿಕಲರ ಪಿಂಚಣಿಯದು, ಉಳಿದದ್ದು ರಾಜ್ಯದ ನಿರಾಧಾರ ಯೋಜನೆಯದು. 65 ತುಂಬಿದಾಗ ರಾಜ್ಯದ ಪಾಲಿನ ಹೆಸರು ಶ್ರಾವಣಬಾಳ ಎಂದಾಗುತ್ತದೆ. ಕೇಂದ್ರದ ನಿಯಮ ಆಗ ಮಿಸುಕುವುದಿಲ್ಲ. ಅದರ ಅಂಗವಿಕಲರ ಪಿಂಚಣಿಯ ವಯೋಮಿತಿ 18ರಿಂದ 79. 80 ತುಂಬಿದಾಗ ಮಾತ್ರ ಅವರು ಕೇಂದ್ರದ ವೃದ್ಧಾಪ್ಯ ಪಿಂಚಣಿಗೆ ಸೇರುತ್ತಾರೆ, ಆ ಪಾಲು 500 ರೂಪಾಯಿ ಆಗುತ್ತದೆ. ಎಂದರೆ ಒಂದೇ ಮನುಷ್ಯನಿಗೆ ಎರಡು ಗಡಿ: ರಾಜ್ಯದ್ದು 65ರಲ್ಲಿ, ಕೇಂದ್ರದ್ದು 80ರಲ್ಲಿ.

ಈಗ ಇನ್ನೊಬ್ಬರು, ವೈಕಲ್ಯ ಶೇ. 50. ಇವರಿಗೆ ಕೇಂದ್ರದ ಅಂಗವಿಕಲರ ಪಿಂಚಣಿಯೇ ಇಲ್ಲ. 64ರವರೆಗೆ ಪೂರ್ತಿ ಹಣ ರಾಜ್ಯದ್ದೇ. 65ರ ನಂತರ ಬಡತನ ರೇಖೆಯ ಪಟ್ಟಿಯಲ್ಲಿದ್ದರೆ ಕೇಂದ್ರದ ವೃದ್ಧಾಪ್ಯ ಪಿಂಚಣಿಯ 200 ರೂಪಾಯಿ ಒಳಗೆ ಸೇರುತ್ತದೆ, ರಾಜ್ಯದ ಪಾಲು ಅಷ್ಟು ಕಡಿಮೆಯಾಗುತ್ತದೆ. "ಅವನಿಗೆ ಕೇಂದ್ರದ್ದೂ ಬರ್ತದ, ನನಗ ಬರೂದಿಲ್ಲ" ಎಂಬ ಜಗಳಕ್ಕೆ ಇಲ್ಲಿ ಅರ್ಥವಿಲ್ಲ. ಎರಡೆರಡು ಪಗಾರ ಯಾರಿಗೂ ಬರುವುದಿಲ್ಲ. ಒಟ್ಟು ಮೊತ್ತವನ್ನು ಇಬ್ಬರು ಹಂಚಿಕೊಂಡು ಕೊಡುತ್ತಾರೆ, ಅಷ್ಟೇ.

ಒಂದು ಸಾವಿರದ ವ್ಯತ್ಯಾಸ

ಮೊದಲು ಈ ಹೆಸರು ಬದಲಾವಣೆಯಿಂದ ಕೈಗೆ ಬರುವ ಹಣದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ಎರಡೂ ಯೋಜನೆಗಳ ಮೊತ್ತವನ್ನು ತಿಂಗಳಿಗೆ 1,500 ರೂಪಾಯಿಗೆ ಏರಿಸಿತು. ಅಂಗವಿಕಲರಿಗೂ ಅಷ್ಟೇ, ವೃದ್ಧರಿಗೂ ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅಂಗವಿಕಲ ಫಲಾನುಭವಿಗಳ ಮೊತ್ತವನ್ನು 2,500ಕ್ಕೆ ಏರಿಸಲು ಒಪ್ಪಿತು. ಅಕ್ಟೋಬರ್‌ನಿಂದ ಅದು ಜಾರಿ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ಈ ಏರಿಕೆ ನಿರಾಧಾರ ಯೋಜನೆಯ ಅಂಗವಿಕಲರಿಗೆ ಮಾತ್ರವಲ್ಲ, ಶ್ರಾವಣಬಾಳದಲ್ಲಿರುವ ಅಂಗವಿಕಲರಿಗೂ ಅನ್ವಯಿಸುತ್ತದೆ.

ಆದ್ದರಿಂದ ವರ್ಗವಾಗುವಾಗ ಕಡತದಲ್ಲಿ "ಅಂಗವಿಕಲ" ಎಂಬ ನಮೂದು ಜೊತೆಗೆ ಹೋಗಲೇಬೇಕು. ಬರೀ "ವೃದ್ಧ" ಎಂದು ದಾಖಲಾದರೆ ತಿಂಗಳಿಗೆ 1,000, ವರ್ಷಕ್ಕೆ 12,000 ರೂಪಾಯಿ ನಷ್ಟ. ಶೇ. 40ರ ಮೇಲೆ ವೈಕಲ್ಯವಿದ್ದು, ಪಾಸ್‌ಬುಕ್ಕಿನಲ್ಲಿ ಈಗಲೂ 1,500 ಬೀಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ತಹಸೀಲ ಕಚೇರಿಯ ಸಂಜಯ ಗಾಂಧಿ ಶಾಖೆಯಲ್ಲಿ ಬರಹದಲ್ಲಿ ಮೂರು ಪ್ರಶ್ನೆ ಕೇಳಿ: ನನ್ನ ಹೆಸರು ಈಗ ಯಾವ ಯೋಜನೆಯಲ್ಲಿದೆ? ಅಂಗವೈಕಲ್ಯ ಎಷ್ಟು ಪ್ರತಿಶತ ಎಂದು ದಾಖಲಾಗಿದೆ? ನನಗೆ ಹಚ್ಚಿರುವ ಆದಾಯ ಮಿತಿ ಯಾವುದು? ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇದೇ ಪ್ರಶ್ನೆಗಳನ್ನು ಕೇಳಬಹುದು.

ಜೊತೆಗೆ ಎರಡು ಸಣ್ಣ ಎಚ್ಚರಿಕೆ. ನಮ್ಮ ಕಡೆ ಹಳೆಯ ತಲೆಮಾರಿನ ಶಾಲಾ ದಾಖಲೆಗಳಲ್ಲಿ ಹುಟ್ಟಿದ ದಿನ ಜೂನ್ 1 ಎಂದಿರುವುದು ಬಲು ಸಾಮಾನ್ಯ. ಶಾಲೆಗೆ ಸೇರಿಸಿಕೊಂಡ ಮಾಸ್ತರರು ಹಾಗೆ ಬರೆದುಕೊಂಡಿದ್ದಾರೆ. ಆಧಾರ್‌ನಲ್ಲಿ ಬೇರೆ ತಾರೀಖಿದ್ದರೆ 65 ಯಾವಾಗ ತುಂಬಿತು ಎಂಬುದೇ ತಕರಾರಾಗುತ್ತದೆ. 63–64ರ ವಯಸ್ಸಿನಲ್ಲೇ ಅದನ್ನು ಸರಿಪಡಿಸಿಕೊಳ್ಳಿ. ಇನ್ನೊಂದು, ಹಣ ಈಗ ಆಧಾರ್ ಜೋಡಿಸಿದ ಖಾತೆಗೆ ನೇರ ಬೀಳುತ್ತದೆ. ಹಳೆಯ ಖಾತೆಯಲ್ಲಿ ಕಾಣಲಿಲ್ಲವೆಂದು ಗಾಬರಿಯಾಗುವ ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿ. ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಕೊಡುವ ಹಯಾತ್ ದಾಖಲೆಯನ್ನೂ ಮರೆಯಬೇಡಿ.

ಐವತ್ತಕ್ಕೆ ಮೂವತ್ತಾರು ಕೂಡಿದರೆ

ವಯಸ್ಸಾದಂತೆ ಒಂದರ ಮೇಲೊಂದು ತೊಂದರೆ ಕೂಡುತ್ತದೆ. ಕಾಲಿನ ವೈಕಲ್ಯ ಮೊದಲೇ ಇದ್ದವರಿಗೆ ಕಿವಿ ಮಂದವಾಗುತ್ತದೆ. ಸೊಲ್ಲಾಪುರದ ಪವರ್‌ಲೂಮ್ ಶೆಡ್ಡುಗಳ ಸದ್ದಿನಲ್ಲಿ ಆಯುಷ್ಯ ಕಳೆದವರಲ್ಲಿ ಇದು ಇನ್ನೂ ಬೇಗ. ಆಗ ಮನೆಯವರು ಲೆಕ್ಕ ಹಾಕುತ್ತಾರೆ: ಕಾಲಿಗೆ 50, ಕಿವಿಗೆ 36, ಒಟ್ಟು 86, ಕೇಂದ್ರದ 80 ದಾಟಿತು! ವೈದ್ಯರ ಮಂಡಳಿ 66 ಎಂದು ಬರೆದುಕೊಟ್ಟಾಗ ಮೋಸವಾಯಿತೆಂದು ದುಃಖಪಡುತ್ತಾರೆ.

ಮೋಸವಲ್ಲ. ವೈಕಲ್ಯಗಳನ್ನು ಸುಮ್ಮನೆ ಕೂಡುವ ಹಾಗಿಲ್ಲ. ಭಾರತ ಸರ್ಕಾರದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಸೂತ್ರವಿದೆ. ದೊಡ್ಡ ಅಂಕಿ ಇದ್ದ ಹಾಗೇ ಇರುತ್ತದೆ. ಅದನ್ನು 90ರಿಂದ ಕಳೆದು, ಉಳಿದದ್ದನ್ನು ಎರಡನೆಯ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ನಮ್ಮ ಉದಾಹರಣೆಯಲ್ಲಿ 90ರಿಂದ 50 ಕಳೆದರೆ 40. ಅದನ್ನು 36ರಿಂದ ಗುಣಿಸಿದರೆ 1,440. 90ರಿಂದ ಭಾಗಿಸಿದರೆ 16. ಐವತ್ತಕ್ಕೆ ಹದಿನಾರು ಕೂಡಿ 66.

ಇದರ ಹಿಂದಿನ ವಿಚಾರ ನನಗೆ ಬಹಳ ಇಷ್ಟ. ಮೊದಲ ವೈಕಲ್ಯ ಮನುಷ್ಯನ ಸಾಮರ್ಥ್ಯದಲ್ಲಿ ಒಂದಂಶವನ್ನು ಕಸಿದುಕೊಂಡಿದೆ. ಎರಡನೆಯದು ಕಸಿಯುವುದು ಉಳಿದ ಅಂಶದಿಂದ ಮಾತ್ರ. ಹೀಗಿದ್ದುದರಿಂದಲೇ ಒಬ್ಬರಿಗೆ 70, 60, 50 ಎಂದು ಮೂರು ವೈಕಲ್ಯಗಳಿದ್ದರೂ ಮೊತ್ತ 180 ಎಂಬ ಅಸಂಬದ್ಧಕ್ಕೆ ಹೋಗುವುದಿಲ್ಲ, 90ರ ಒಳಗೇ ನಿಲ್ಲುತ್ತದೆ. ಇನ್ನೂ ಒಂದು ಸೊಗಸು: 36ನ್ನು ಮೊದಲು ಹಿಡಿದು ಲೆಕ್ಕ ಮಾಡಿ ನೋಡಿ, ಆಗಲೂ 66 ಬರುತ್ತದೆ! ಪೆನ್ಸಿಲ್ ಹಿಡಿದು ಒಮ್ಮೆ ಮಾಡಿದವರಿಗೆ ಮಂಡಳಿಯ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ. ಮರುಪರೀಕ್ಷೆಗೆ ಹೋಗಬೇಕೋ ಬೇಡವೋ ಎಂದು ಮನೆಯಲ್ಲೇ ಅಂದಾಜು ಸಿಗುತ್ತದೆ.

ಹಳೆಯ ಕಾಗದ, ಹೊಸ ಕಾರ್ಡು

ಹಿರಿಯರ ಬಳಿ ಇರುವ ಹಳೆಯ ಸರ್ಟಿಫಿಕೇಟ್ ನೋಡಿದ್ದೀರಾ? ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಕಾಗದ. ದುಂಡು ಮೊಹರು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ. ಪ್ರತಿಶತ ಕೈಬರಹದಲ್ಲಿ. ಮಡಿಕೆ ಸರಿಯಾಗಿ ಆ ಅಂಕಿಯ ಮೇಲೇ ಬಿದ್ದಿದ್ದರೆ 60 ಎಂದಿದೆಯೋ 80 ಎಂದಿದೆಯೋ ಓದಲಾಗದು. ಆ ಒಂದು ಅಂಕಿಯ ಮೇಲೆ ಮನೆಯ ತಿಂಗಳ ಖರ್ಚು ನಿಂತಿರುತ್ತದೆ.

1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ಅದರ ಜಾಗಕ್ಕೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿತು, 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. 2021ರ ಜೂನ್ 1ರಿಂದ ಪ್ರಮಾಣಪತ್ರ ಕೊಡುವುದು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ (ಯುಡಿಐಡಿ) ಜಾಲತಾಣದ ಮೂಲಕ ಮಾತ್ರ. ಹಳೆಯ ಸರ್ಟಿಫಿಕೇಟ್ ಇದ್ದವರು ಅದನ್ನೇ ಲಗತ್ತಿಸಿ ಹೊಸ ಕಾರ್ಡಿಗೆ ಅರ್ಜಿ ಹಾಕಬಹುದು. ಕಾರ್ಡಿನ ಬಣ್ಣವೂ ಮಾತಾಡುತ್ತದೆ: ಶೇ. 40ರ ಕೆಳಗೆ ಬಿಳಿ, 40ರಿಂದ 79 ಹಳದಿ, 80 ಮತ್ತು ಅದರ ಮೇಲೆ ನೀಲಿ. ಸೊಲ್ಲಾಪುರದಲ್ಲಿ ಜನ "ಸಿವಿಲ್" ಎಂದು ಕರೆಯುವ, ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ 70ನೆಯ ವಯಸ್ಸಿನಲ್ಲಿ ಅಲೆಯುವುದಕ್ಕಿಂತ 60ರಲ್ಲೇ ಹೋಗಿ ಈ ಕೆಲಸ ಮುಗಿಸಿಕೊಳ್ಳುವುದು ಮೇಲು. ಪತ್ರ ತಾತ್ಕಾಲಿಕವೋ ಕಾಯಮ್ಮೋ ಎಂಬುದನ್ನೂ ನೋಡಿಕೊಳ್ಳಿ.

ಮುಪ್ಪು ವೈಕಲ್ಯವನ್ನು ಅಳಿಸುವುದಿಲ್ಲ

"ವಯಸ್ಸಾದ ಮೇಲೆ ಎಲ್ಲರೂ ಅಂಗವಿಕಲರೇ ಅಲ್ಲವೇ, ಬೇರೆ ಲೆಕ್ಕ ಏಕೆ?" ಎಂದು ಓದಿಬಲ್ಲವರೂ ಕೇಳುತ್ತಾರೆ. ಸಂವಿಧಾನದ 41ನೆಯ ವಿಧಿ ಇದಕ್ಕೆ ಉತ್ತರ ಕೊಟ್ಟಿದೆ: ಸಾರ್ವಜನಿಕ ನೆರವಿಗೆ ಕಾರಣಗಳನ್ನು ಹೇಳುವಾಗ ಅದು ವೃದ್ಧಾಪ್ಯವನ್ನೂ ಅಂಗವೈಕಲ್ಯವನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. 2016ರ ಕಾಯ್ದೆಯ 24ನೆಯ ಕಲಮು ಇನ್ನೂ ಸ್ಪಷ್ಟ. ಇತರರಿಗೆ ಇರುವಂಥದೇ ಯೋಜನೆಯಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ. 25ರಷ್ಟು ಹೆಚ್ಚು ನೆರವು ಸಿಗಬೇಕು ಎನ್ನುತ್ತದೆ. ಈ ಹೆಚ್ಚುವರಿ ಇಂಥ ವಯಸ್ಸಿನವರೆಗೆ ಮಾತ್ರ ಎಂದು ಅಲ್ಲಿ ಹೇಳಿಲ್ಲ. ಈ ಅಳತೆಗೋಲಿನಿಂದ ನೋಡಿದರೆ ರಾಜ್ಯದ 2,500 ಮತ್ತು 1,500ರ ಅಂತರ ಸರಿಯಾದ ಹೆಜ್ಜೆ. ಕೇಂದ್ರದ ಪಾಲಿನ ವಿಷಯದಲ್ಲಿ ಪ್ರಶ್ನೆ ಉಳಿಯುತ್ತದೆ. 80 ದಾಟಿದ ಎಲ್ಲ ಬಡ ವೃದ್ಧರಿಗೂ 500, ಅಂಗವಿಕಲ ವೃದ್ಧರಿಗೂ 500. ಶೇ. 25 ಸೇರಿದರೆ 625 ಆಗಬೇಡವೇ?

ಬೇರೆ ದೇಶಗಳೂ ಈ ಗಂಟನ್ನು ಬಿಡಿಸಬೇಕಾಯಿತು. ಬ್ರಿಟನ್ 1992ರಿಂದ ಇದ್ದ ಡಿಸೆಬಿಲಿಟಿ ಲಿವಿಂಗ್ ಅಲೋವೆನ್ಸ್ ಬದಲಿಗೆ 2013ರಲ್ಲಿ ಹೊಸ ಭತ್ಯೆ ತಂದಾಗ, 2013ರ ಏಪ್ರಿಲ್ 8ಕ್ಕೆ 65 ತುಂಬಿದ್ದವರನ್ನು ಹೊಸ ಪರೀಕ್ಷೆಗೆ ಎಳೆಯದೆ ಹಳೆಯದರಲ್ಲೇ ಉಳಿಸಿತು. ಅಮೆರಿಕದಲ್ಲಿ ವಿಮೆ ಆಧಾರಿತ ಅಂಗವಿಕಲರ ವೇತನ ಪೂರ್ಣ ನಿವೃತ್ತಿ ವಯಸ್ಸಿನಲ್ಲಿ ತಾನಾಗಿಯೇ ನಿವೃತ್ತಿ ವೇತನವಾಗುತ್ತದೆ, ಮೊತ್ತ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ದಕ್ಷಿಣ ಆಫ್ರಿಕಾದಲ್ಲೂ 60 ತುಂಬಿದಾಗ ಅಂಗವಿಕಲರ ಅನುದಾನ ತಾನಾಗಿಯೇ ವೃದ್ಧರ ಅನುದಾನವಾಗುತ್ತದೆ. ಹಿರಿಯರು ಕಚೇರಿಗೆ ಅಲೆಯಬಾರದು ಎಂಬುದು ಈ ಮೂರರಲ್ಲೂ ಕಾಣುವ ತತ್ತ್ವ.

ಇನ್ನು ಓದಬೇಕಾದದ್ದು

ಸಾರಾಂಶ ಇಷ್ಟು: 65ಕ್ಕೆ ಯೋಜನೆಯ ಹೆಸರು ಬದಲಾಗುತ್ತದೆ, ಹಕ್ಕು ಮುಗಿಯುವುದಿಲ್ಲ, ಅಂಗವೈಕಲ್ಯದ ನಮೂದನ್ನು ಆ ಗಡಿ ದಾಟಿಸುವುದೇ ಮುಖ್ಯ ಕೆಲಸ, ಅದಕ್ಕೆ ಬೇಕಾದ ಕಾಗದಗಳನ್ನು 60ರಿಂದಲೇ ಹೊಂದಿಸಬೇಕು.

ಇಷ್ಟು ತಿಳಿದರೆ ಸಾಲದು. ಶಾಸನ ನಿರ್ಣಯಗಳೆಲ್ಲ, ಎಂದರೆ ರಾಜ್ಯ ಸರ್ಕಾರದ ಆದೇಶಗಳೆಲ್ಲ, ಮರಾಠಿಯಲ್ಲಿವೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡೆ ಅವು ಅನ್ವಯವಾಗುವ ಎಷ್ಟೋ ಹಿರಿಯರು ಕನ್ನಡದಲ್ಲೇ ಯೋಚಿಸುವವರು. ಆಳಂದ, ಅಫಜಲಪುರ, ಇಂಡಿಯ ಬೀಗರಿಂದ ಕೇಳಿದ ಕರ್ನಾಟಕದ ನಿಯಮ ಇಲ್ಲಿ ನಡೆಯುವುದಿಲ್ಲ, ಇಲ್ಲಿಯ ನಿಯಮ ಅಲ್ಲಿ ನಡೆಯುವುದಿಲ್ಲ. ಎರಡೂ ಭಾಷೆ ಬಲ್ಲ ನಮ್ಮ ಗಡಿಭಾಗದ ಕಾಲೇಜು ಹುಡುಗ ಹುಡುಗಿಯರು, ಕನ್ನಡ ಶಾಲೆಗಳ ಶಿಕ್ಷಕರು ಈ ನಿರ್ಣಯಗಳನ್ನು ಓದಿ ತಿಳಿಗನ್ನಡದಲ್ಲಿ ಹೇಳಬೇಕು. ಅದರ ಜೊತೆಗೆ ಒಂದೊಂದು ಊರಿನಲ್ಲೂ ಸಣ್ಣ ಅಧ್ಯಯನ ನಡೆಯಲಿ: 65 ದಾಟಿದ ಅಂಗವಿಕಲರು ಎಷ್ಟು ಜನ, ಅವರಲ್ಲಿ ಎಷ್ಟು ಜನರ ನಮೂದು ಉಳಿದಿದೆ, ಎಷ್ಟು ತಿಂಗಳು ಹಣ ನಿಂತಿತ್ತು? ಆ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ತಾಲೂಕಿಗೆ ಬರಹದಲ್ಲಿ ಕೊಡಿ. ಕಾಯ್ದೆ ಕೊಟ್ಟ ಶೇ. 25ರ ಮಾತು ಕಾಗದದಲ್ಲೇ ಉಳಿಯದಂತೆ ನೋಡಿಕೊಳ್ಳುವ ದಾರಿ ಇದೊಂದೇ, ಅದಕ್ಕೆ ಬೇಕಾದ ಓದನ್ನು ನೀವು ಇಂದೇ ಆರಂಭಿಸಬಹುದು.