ಅರ್ಧಕ್ಕೆ ನಿಂತ ಹಣದ ಲೆಕ್ಕ ಬರೆಯುವವರಾರು?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಆಂಟಾಪ್ ಹಿಲ್ ಪರಿಸರದ ಹಿರಿಯ ಮಹಿಳೆಯೊಬ್ಬರು ನಮ್ಮ ಶಾಖೆಯ ಕೌಂಟರಿಗೆ ಬಂದರು. ಊರಿನಲ್ಲಿರುವ ಮೊಮ್ಮಗನ ಕಾಲೇಜು ಶುಲ್ಕಕ್ಕೆಂದು ಹಿಂದಿನ ಸಂಜೆ ಮೊಬೈಲಿನಿಂದ ಕಳುಹಿಸಿದ ಹಣ ಇವರ ಖಾತೆಯಿಂದ ಹೋಗಿತ್ತು, ಅವನ ಖಾತೆಗೆ ಸೇರಿರಲಿಲ್ಲ. ಅವರು ಕೇಳಿದ್ದು ಇಷ್ಟೇ: "ನನ್ನ ದುಡ್ಡು ಈಗ ಯಾರ ಕೈಯಲ್ಲಿದೆ, ಮಗಾ?"

ನಿಯಮ ನನಗೆ ತಿಳಿದಿತ್ತು. ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ತಿಂಗಳ ಸುತ್ತೋಲೆಯ ಪ್ರಕಾರ ಇಂತಹ ಹಣ ಮರುದಿನದೊಳಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನೇ ಹೇಳಿ ಕಳುಹಿಸಿದೆ. ಮಧ್ಯಾಹ್ನದೊಳಗೆ ಹಣ ಮರಳಿಯೂ ಬಂತು. ಆದರೆ ಅವರ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಕಲಾ ಪದವೀಧರನಾದ ನಾನು ಆಮೇಲೆ ಗಣಕ ವಿಭಾಗದ ಕಿರಿಯ ಮಿತ್ರರನ್ನು ಕಾಡಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಗಣಕೀಕರಣಕ್ಕೆ ಮುಂಚಿನ ಬ್ಯಾಂಕನ್ನು ನೆನಪಿಸಿಕೊಳ್ಳೋಣ. ಕೌಂಟರಿನ ಹೊರಗೆ ಗ್ರಾಹಕ, ಒಳಗೆ ತಿಜೋರಿ ಮತ್ತು ಲೆಡ್ಜರು. ಇವೆರಡರ ನಡುವೆ ಟೋಕನ್ ಕೊಡುವವರು, ಸಹಿ ತಾಳೆ ನೋಡುವವರು, ವೋಚರ್ ಪಾಸು ಮಾಡುವ ಅಧಿಕಾರಿ. ಇಂದಿನ ದೊಡ್ಡ ತಂತ್ರಾಂಶಗಳಲ್ಲಿ ಗ್ರಾಹಕನ ಜಾಗದಲ್ಲಿ ಮೊಬೈಲ್ ಇದೆ, ಲೆಡ್ಜರಿನ ಜಾಗದಲ್ಲಿ ಡೇಟಾಬೇಸ್ ಇದೆ. ನಡುವಣ ಸಿಬ್ಬಂದಿಯ ಕೆಲಸವನ್ನು ನಿರ್ವಹಿಸುವುದೇ ಅಪ್ಲಿಕೇಶನ್ ಸರ್ವರ್. ಬಡ್ಡಿಯ ಲೆಕ್ಕವಿರಲಿ, ಸಾಲದ ಕಂತಿರಲಿ, ಸರದಿ ನಿರ್ವಹಣೆ, ಗುರುತು ಪರೀಕ್ಷೆ ಮುಂತಾದ ಸಾಮಾನ್ಯ ಕೆಲಸಗಳನ್ನು ಪ್ರತಿಯೊಂದು ತಂತ್ರಾಂಶದಲ್ಲೂ ಹೊಸದಾಗಿ ಬರೆಯುವುದು ವ್ಯರ್ಥ ಶ್ರಮ. ಅವನ್ನು ಸರ್ವರಿಗೆ ವಹಿಸಿ, ವ್ಯವಹಾರದ ನಿಯಮಗಳನ್ನಷ್ಟೇ ತಂತ್ರಜ್ಞರು ಬರೆಯಲಿ ಎಂಬುದು ಇದರ ಹಿಂದಿನ ಆಲೋಚನೆ. ಜಾವಾ ಭಾಷೆಯಲ್ಲಿ ಇದಕ್ಕೊಂದು ಸಮಗ್ರ ಮಾನದಂಡವನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1999ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಅದೇ 1999ರಲ್ಲಿ ಸನ್ ಸಂಸ್ಥೆಯೊಳಗೆ ಜೇಮ್ಸ್ ಡಂಕನ್ ಡೇವಿಡ್ಸನ್ ಬರೆದಿದ್ದ ಟಾಮ್‌ಕ್ಯಾಟ್ ಸರ್ವರ್ ಅಪಾಚೆ ಪ್ರತಿಷ್ಠಾನಕ್ಕೆ ದಾನವಾಗಿ ಬಂತು. ಮಾರ್ಕ್ ಫ್ಲೂರಿ ಎಂಬವರು ಮುಂದೆ ಜೆಬಾಸ್ ಎಂದು ಹೆಸರಾದ ಸರ್ವರನ್ನು ಆರಂಭಿಸಿದರು. ಜೆಬಾಸನ್ನು 2006ರಲ್ಲಿ ರೆಡ್ ಹ್ಯಾಟ್ ಕಂಪನಿ ಕೊಂಡುಕೊಂಡಿತು. ಅದರ ಮುಕ್ತ ರೂಪಕ್ಕೆ ಈಗಿನ ಹೆಸರು ವೈಲ್ಡ್‌ಫ್ಲೈ. ಇವುಗಳ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬೆಲೆಯೂ ಇಲ್ಲ.

ಸರ್ವರಿನ ವಿನ್ಯಾಸದಲ್ಲಿ ಬ್ಯಾಂಕಿನವನಿಗೆ ಚಿರಪರಿಚಿತವೆನಿಸುವ ಅಂಶಗಳಿವೆ. ಪ್ರತಿ ಕೋರಿಕೆಗೂ ಹೊಸ ಗುಮಾಸ್ತನನ್ನು ನೇಮಿಸಿಕೊಳ್ಳುವುದಿಲ್ಲ; ನಿರ್ದಿಷ್ಟ ಸಂಖ್ಯೆಯ ಗುಮಾಸ್ತರೇ ಒಬ್ಬರಾದ ಮೇಲೊಬ್ಬರನ್ನು ವಿಚಾರಿಸುತ್ತಾರೆ. ನಾವು ಬದಲಿಸದ ಹೊರತು ಟಾಮ್‌ಕ್ಯಾಟಿನಲ್ಲಿ ಈ ಗರಿಷ್ಠ ಸಂಖ್ಯೆ 200. ಮುಂದಿನವರು ಸಾಲಿನಲ್ಲಿ ಕಾಯಬೇಕು. ಡೇಟಾಬೇಸಿನ ಬಾಗಿಲನ್ನು ಪ್ರತಿ ಸಲ ತೆರೆಯಲು ಸಮಯ ಹಿಡಿಯುವುದರಿಂದ ತೆರೆದ ಸಂಪರ್ಕಗಳನ್ನು ಬೀಗದ ಕೈಗಳಂತೆ ಸಿದ್ಧವಾಗಿಟ್ಟು, ಬಳಸಿ ಹಿಂದಿರುಗಿಸುವ ಪದ್ಧತಿ ಇದೆ. ತಂತ್ರಾಂಶ ಬರೆದವನು ಹಿಂದಿರುಗಿಸಲು ಮರೆತನೆಂದರೆ ಕೈಗಳೆಲ್ಲ ಖಾಲಿಯಾಗಿ, ಸರ್ವರ್ ಜೀವಂತವಿದ್ದೂ ಯಾರಿಗೂ ಉತ್ತರ ಕೊಡದು. "ಸಿಸ್ಟಮ್ ಸ್ಲೋ" ಎಂದು ನಾವು ಕೌಂಟರಿನಲ್ಲಿ ಹೇಳುವ ಮಾತಿನ ಹಿಂದೆ ಎಷ್ಟೋ ಸಲ ಇಂತಹ ಮರೆವು ಇರುತ್ತದಂತೆ!

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಗ. ಒಂದೇ ಸಂಸ್ಥೆಯ ಎರಡು ಬೇರೆ ಡೇಟಾಬೇಸುಗಳಲ್ಲಿ, ಉದಾಹರಣೆಗೆ ಉಳಿತಾಯ ಖಾತೆಯಲ್ಲಿ ಖರ್ಚು, ಸಾಲದ ಖಾತೆಯಲ್ಲಿ ಜಮೆ ಬರೆಯಬೇಕಾಗಿದೆ ಎನ್ನೋಣ. ಸರ್ವರಿನಲ್ಲಿರುವ ಸಂಯೋಜಕನು ಮೊದಲು ಎರಡನ್ನೂ "ಸಿದ್ಧವೇ?" ಎಂದು ಕೇಳುತ್ತಾನೆ. ಎರಡೂ ಆ ಖಾತೆಯನ್ನು ಬೇರೆಯವರು ಮುಟ್ಟದಂತೆ ಬಂದ್ ಮಾಡಿ "ಸಿದ್ಧ" ಎನ್ನುತ್ತವೆ. ಆಗ ಸಂಯೋಜಕನು ತೀರ್ಮಾನವನ್ನು ತನ್ನದೇ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅನಂತರವೇ "ಬರೆಯಿರಿ" ಎಂದು ಅಪ್ಪಣೆ ಕೊಡುತ್ತಾನೆ. ನಡುವೆ ವಿದ್ಯುತ್ ಹೋದರೆ? ಸರ್ವರ್ ಮತ್ತೆ ಎದ್ದಾಗ ಮೊದಲು ಆ ಪುಸ್ತಕವನ್ನು ನೋಡುತ್ತದೆ. ತೀರ್ಮಾನ ಬರೆದಿದ್ದರೆ ಪೂರ್ಣಗೊಳಿಸುತ್ತದೆ. ಏನೂ ಬರೆದಿಲ್ಲವಾದರೆ ರದ್ದುಪಡಿಸುತ್ತದೆ.

ಈ ಸಂಯೋಜಕನ ಹೆಸರು ಕೇಳಿ ನಮ್ಮವರಿಗೆ ಅಚ್ಚರಿಯಾಗಬಹುದು. 1980ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಸಂತೋಷ್ ಶ್ರೀವಾಸ್ತವ ಅವರ ತಂಡ ರೂಪಿಸಿದ ವ್ಯವಸ್ಥೆಗೆ "ಅರ್ಜುನ" ಎಂದು ಹೆಸರಿತ್ತು. ಅದು 2005ರಲ್ಲಿ ಜೆಬಾಸಿನ ಪಾಲಾಗಿ, ಮುಕ್ತಗೊಂಡು, ಇಂದು "ನಾರಾಯಣ" ಎಂಬ ಹೆಸರಿನಿಂದ ವೈಲ್ಡ್‌ಫ್ಲೈ ಸರ್ವರಿನೊಳಗೆ ಕೆಲಸ ಮಾಡುತ್ತಿದೆ. ಪಾರ್ಥನು ಸಾರಥಿಯಾಗಿ ಬಡ್ತಿ ಪಡೆದಂತೆ ನನಗೆ ಕಂಡಿತು.

ಹಾಗಾದರೆ ಅಜ್ಜಿಯ ಹಣವನ್ನು ನಾರಾಯಣನೇಕೆ ಕಾಯಲಿಲ್ಲ? ಏಕೆಂದರೆ ಎರಡು ಬ್ಯಾಂಕುಗಳ ನಡುವೆ ಇಂತಹ ಒಬ್ಬನೇ ಸಂಯೋಜಕನಿಲ್ಲ. ಬೇರೆ ಬ್ಯಾಂಕಿನ ಉತ್ತರಕ್ಕಾಗಿ ಯಾವ ಬ್ಯಾಂಕೂ ತನ್ನ ಖಾತೆಗಳನ್ನು ಬಂದ್ ಮಾಡಿ ಕಾಯಲಾರದು. ಆದುದರಿಂದ ಇಲ್ಲಿ ಖರ್ಚು ಬರೆದು ಅಲ್ಲಿಗೆ ಸಂದೇಶ ಕಳುಹಿಸುತ್ತಾರೆ. ಉತ್ತರ ಬಾರದಿದ್ದರೆ ಆಮೇಲೆ ತಾಳೆ ನೋಡಿ ಹಿಂದಿರುಗಿಸುತ್ತಾರೆ. ಆ ರಾತ್ರಿ ಅವರ ಹಣ ಯಾರ ಕೈಯಲ್ಲೂ ಇರಲಿಲ್ಲ. ಬ್ಯಾಂಕುಗಳ ನಡುವಣ ಲೆಕ್ಕದ ಖಾತೆಯಲ್ಲಿತ್ತು.

ಈಚೆಗೆ ಕ್ರೆಡಿಟ್ ಸೊಸೈಟಿಯೊಂದರ ಪದಾಧಿಕಾರಿಯಾದ ಮಿತ್ರರೊಬ್ಬರು "ಪುಕ್ಕಟೆ ಸರ್ವರ್ ಹಾಕಿಸಬಹುದೇ?" ಎಂದು ಕೇಳಿದರು. ಧಾರಾಳವಾಗಿ ಹಾಕಿಸಬಹುದು. ಕರ್ನಾಟಕದ ಉದಾಹರಣೆಯೇ ಇದೆ. ಗ್ರಾಮೀಣ ಫೌಂಡೇಶನ್ ಕಿರುಸಾಲ ಸಂಸ್ಥೆಗಳಿಗಾಗಿ ಆರಂಭಿಸಿದ "ಮಿಫೋಸ್" ಎಂಬ ಮುಕ್ತ ತಂತ್ರಾಂಶವನ್ನು ಮೊದಮೊದಲು ಅಳವಡಿಸಿಕೊಂಡವರಲ್ಲಿ ಬೆಂಗಳೂರಿನ ಗ್ರಾಮೀಣ ಕೂಟವೂ ಒಂದು. ಜಾವಾದಲ್ಲಿ ಬರೆದ ಆ ತಂತ್ರಾಂಶಕ್ಕೆ ಟಾಮ್‌ಕ್ಯಾಟಿನಂತಹ ಹಗುರ ಸರ್ವರ್, ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಸಾಕಾಗಿತ್ತು. ಅದರ ಮುಂದಿನ ಪೀಳಿಗೆ 2017ರಲ್ಲಿ "ಫಿನೆರಾಕ್ಟ್" ಎಂಬ ಹೆಸರಿನಲ್ಲಿ ಅಪಾಚೆಯ ಪೂರ್ಣ ಯೋಜನೆಯಾಯಿತು. ಲೆಡ್ಜರು ಒಂದೇ ಇದ್ದಾಗ ಸಂಯೋಜಕನ ಅಗತ್ಯವೇ ಇಲ್ಲ. ಡೇಟಾಬೇಸೇ ಆ ಕೆಲಸ ಮಾಡುತ್ತದೆ. ಸಣ್ಣ ಸೊಸೈಟಿಗೆ ದೊಡ್ಡ ಸರ್ವರ್ ಹೊರಿಸುವ ಮಾರಾಟಗಾರರನ್ನು ನಾನಂತೂ ನಂಬುವುದಿಲ್ಲ.

ಆದರೆ ಪುಕ್ಕಟೆ ಎಂದರೆ ಪಾಲನೆಯೂ ಪುಕ್ಕಟೆಯಲ್ಲ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಮುಕ್ತ ತಂತ್ರಾಂಶದಲ್ಲಿ ಭಾರೀ ಲೋಪ ಬೆಳಕಿಗೆ ಬಂತು. ಅಪಾಯದ ಅಳತೆಯಲ್ಲಿ ಅದಕ್ಕೆ 10ಕ್ಕೆ 10 ಅಂಕ. ಟಾಮ್‌ಕ್ಯಾಟ್ ತನ್ನ ಮೂಲರೂಪದಲ್ಲಿ ಅದನ್ನು ಬಳಸುತ್ತಿರಲಿಲ್ಲ, ಆದರೆ ಅದರೊಳಗೆ ಇರಿಸಿದ ಎಷ್ಟೋ ತಂತ್ರಾಂಶಗಳು ಬಳಸುತ್ತಿದ್ದವು. ತಿದ್ದುಪಡಿ ಬೇಗನೆ, ಉಚಿತವಾಗಿಯೇ ಬಂತು. ತಮ್ಮ ಸರ್ವರಿನೊಳಗೆ ಏನೇನಿದೆ ಎಂಬ ಪಟ್ಟಿ ಇಟ್ಟುಕೊಂಡವರು ಅದನ್ನು ಕೂಡಲೇ ಅಳವಡಿಸಿದರು. ಉಳಿದವರು ಹುಡುಕುತ್ತ ಕುಳಿತರು.

ಸಂಯೋಜಕನ ಪುಸ್ತಕದ ವಿಷಯವೂ ಹಾಗೆಯೇ. ಇಂದು ಸರ್ವರುಗಳನ್ನು ಬಾಡಿಗೆ ಯಂತ್ರಗಳಲ್ಲಿ, ಬೇಕಾದಾಗ ಎಬ್ಬಿಸಿ ಬೇಡವಾದಾಗ ಅಳಿಸುವಂತೆ ನಡೆಸುವುದುಂಟು. ಪುಸ್ತಕವನ್ನು ಆ ಯಂತ್ರದ ತಾತ್ಕಾಲಿಕ ಡಿಸ್ಕಿನಲ್ಲೇ ಇಟ್ಟಿದ್ದರೆ ಯಂತ್ರದೊಡನೆ ಅದೂ ಅಳಿಯುತ್ತದೆ. ಹೊಸ ಸರ್ವರ್ ಎದ್ದು ನೋಡಿದಾಗ ಏನೂ ಬರೆದಿರುವುದಿಲ್ಲ, ನಿಯಮದಂತೆ ರದ್ದುಪಡಿಸುತ್ತದೆ. ಅಷ್ಟರಲ್ಲಿ ಒಂದು ಲೆಡ್ಜರಿನಲ್ಲಿ ಖರ್ಚು ಬಿದ್ದಾಗಿದ್ದರೆ ಇನ್ನೊಂದರಲ್ಲಿ ಜಮೆ ಮಾತ್ರ ರದ್ದಾಗುತ್ತದೆ. ಆಗ ಬ್ಯಾಲೆನ್ಸ್ ಶೀಟ್ ತಾಳೆಯಾಗದೆ ನಡುರಾತ್ರಿಯವರೆಗೆ ಕೂರುವವರು ನಮ್ಮಂತಹ ಗುಮಾಸ್ತರು.

ಮಿತ್ರರಿಗೆ ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ: ನಮ್ಮ ಲೆಡ್ಜರು ಒಂದೇ, ಹಲವೇ? ಹಲವಾದರೆ ಸಂಯೋಜಕನ ಪುಸ್ತಕ ಯಾವ ಡಿಸ್ಕಿನಲ್ಲಿದೆ, ಅದರ ಪ್ರತಿ ಯಾರ ಬಳಿ ಇದೆ? ಬರುವ ಸಭೆಯಲ್ಲಿ ತಂತ್ರಾಂಶದವರನ್ನು ಕರೆಸಿ ಕೇಳುವುದಾಗಿ ಹೇಳಿ, ಚೀಟಿಯನ್ನು ಕಿಸೆಗೆ ಹಾಕಿಕೊಂಡು ಹೋಗಿದ್ದಾರೆ.